ಬದುಕಿರೋ ಅಜ್ಜಿಗೆ ಸಾವಿನ ಗತ್ತು

ಮುನಿಸ್ಕಂಡ ಮುದುಕಿಗಿಂತ ಮುನಿಸ್ಕಂಡ ಎಮ್ಮೆ ವಾಸಿ ಕಣ್ರಪ್ಪ. ಎಮ್ಮೆ ಒಂದ್ಸಲ ಒದ್ದು ಸುಮ್ಕಾಯ್ತದೆ. ಮುದುಕಿ ಅಂಗಲ್ಲ, ಬೇರೆ ಒಲೆ ಊಡ್ತಾಳೆ.

ಕೆರಗೋಡು ಪಕ್ಕದ ಒಂದು ಅಳ್ಳೀಲಿ ಚಿಕ್ಕಬೋರಮ್ಮ ಅನ್ನೋಳು ಅಂಗೇ ಮಾಡುದ್ಲು. ಗಂಡ ತೀರ್ಕಂಡಿದ್ದ. ಮಗ ಶಶಿಧರ ಗದ್ದೆ ನೋಡ್ಕಂಡು ಊರ ಡೈರೀಲಿ ಹಾಲು ಅಳೆಯೋ ಕೆಲಸಾನೂ ಮಾಡ್ತಿದ್ದ. ಸೊಸೆ ರೂಪ ನಡುಮನೇಲಿ ಮಿಸನ್ ಇಟ್ಕಂಡು ಊರ ಎಂಗಸ್ರಿಗೆಲ್ಲಾ ರವಿಕೆ ಒಲೀತಿದ್ಲು. ಅವರಿಬ್ಬರಿಗೆ ಒಬ್ಳೇ ಮಗಳು ಚಂದನ. ಮಂಡ್ಯದ ಯೂನಿವರ್ಸಿಟೀಲಿ ಡಿಗ್ರಿ ಓದ್ತಿದ್ಲು. ಮುದುಕಿ ಮುನಿಸ್ಕಂಡಿದ್ದು ಈ ಮೊಮ್ಮಗಳ ಮೇಲೆ.

ಚಂದನನ ದಿನ ಎಂಗಿತ್ತು ಅಂದ್ರೆ, ಬೆಳಗಾನ ಎದ್ದು ಹಾಲಿನ ಕ್ಯಾನು ಡೈರಿಗೆ ಒಯ್ದು ಅಪ್ಪನ ಮುಂದೆ ಇಡೋದು, ವಾಪಸ್ ಬಂದು ರೊಟ್ಟೀನೋ ಉಪ್ಪಿಟ್ಟೋ ನಿಂತ್ಕಂಡೇ ತಿನ್ನೋದು, ಕೆರಗೋಡಿಗೆ ಓಡೋಗಿ ಮಂಡ್ಯ ಬಸ್ಸು ಇಡಿಯೋದು. ಸೀಟು ಸಿಕ್ರೆ ನಿದ್ದೆ, ಸಿಗದಿದ್ರೆ ಮೊಬೈಲು. ಕ್ಲಾಸು ಮುಗುದ್ಮೇಲೆ ಕ್ಯಾಂಟೀನು, ಒಂದು ಪ್ಲೇಟ್ ಗೋಬೀಗೆ ನಾಕು ಜನ ಉಡ್ಗೀರು ಕೈ ಆಕೋದು. ಪಾಠ ಓದ್ತಿರಲಿಲ್ಲ ಅಂತಲ್ಲ, ಓದ್ತಿದ್ಲು. ಆದ್ರೆ ಕೈ ಸುಮ್ನಿರ್ತಿರಲಿಲ್ಲ. ಸ್ವಲ್ಪ ದಿನ ಮೆಹೆಂದಿ ಸೋಕಿ, ಅಜ್ಜಿ ಅಂಗೈನೂ ಬುಡ್ಲಿಲ್ಲ. ಆಮೇಲೆ ಥ್ರೋಬಾಲು. ಆಮೇಲೆ ಪೇಂಟ್ ಡಬ್ಬೀಲಿ ಊವಿನ ಗಿಡ. ಗಿಡ ಇವಳದು, ನೀರು ಆಕೋದು ರೂಪನ ಪಾಲು.

"ನಿನ್ ಸೋಕಿ ಆಸಾಡದ್ ಗಾಳಿ ಕಣ್ ಮಗ," ಅಂತಿದ್ದ ಶಶಿಧರ. "ಬೀಸುದ್ರೆ ಎಂಚು ಆರ್ಸ್ತದೆ, ನಿಂತ್ರೆ ಎಲೆನೂ ಅಳ್ಳಾಡಕ್ಕಿಲ್ಲ."

ಈ ಸಲ ಗಾಳಿ ನಿಲ್ಲಲಿಲ್ಲ. ಕಾಲೇಜಲ್ಲಿ ಉಡ್ಗೀರದೇ ಒಂದು ತಮಟೆ ತಂಡ ಕಟ್ಟುದ್ರು. ಮದ್ದೂರಲ್ಲಿ ಯುವಜನೋತ್ಸವ, ಅದಕ್ಕೆ. ಬೆಂಚು ಕುಟ್ತಾ ಕೂತಿದ್ದ ಚಂದನನ್ನ ಮೇಷ್ಟ್ರು, "ಏ, ಕೈಲಿ ಲಯ ಅದೆ, ಬಾ ಇಲ್ಲಿ," ಅಂತ ಕರ್ದು ಎಗಲಿಗೆ ತಮಟೆ ತಗುಲಾಕಿ, ಒಂದು ಕೈಗೆ ದಪ್ಪ ಕೋಲು, ಇನ್ನೊಂದು ಕೈಗೆ ಬಿದಿರು ಸೀಳು ಕೊಟ್ರು. ಮೊದಲ್ನೇ ಏಟಿಗೇ ಎದೆ ಒಳಗೆ ಯಾರೋ ಬಾಗ್ಲು ತಟ್ಟಿದಂಗಾಯ್ತು ಉಡ್ಗೀಗೆ. ಅವತ್ತಿಂದ ಊಟಕ್ಕೆ ಕೂತ್ರೂ ತಟ್ಟೆ ಅಂಚು ಬಡಿಯೋದೆ.

ಒಂದು ಶನಿವಾರ ಸಂಜೆ ತಮಟೇನ ಗೋಣಿಚೀಲದಲ್ಲಿ ಸುತ್ಕಂಡು ಮನೆಗೇ ತಂದ್ಲು. ಅಜ್ಜಿ ಜಗ್ಲಿ ಮೇಲೆ ಅವರೆಕಾಯಿ ಬುಡುಸ್ತಾ ಕುಂತಿದ್ಲು.

"ಏನೇ ಅದು ಚೀಲ್ದಲ್ಲಿ?"

"ತಮಟೆ ಅಜ್ಜಿ."

"ಏನಂದೆ?"

"ತಮಟೆ. ಕಾಲೇಜಿಂದು. ಮದ್ದೂರಲ್ಲಿ ಬಾರಿಸ್ಬೇಕು."

ಮುದುಕಿ ಮೊರ ಪಕ್ಕಕ್ಕೆ ತಳ್ಳಿ ಎದ್ಲು. "ಅಯ್ಯೋ ನಿನ್ ಮಕ ಮುಚ್ಚಾ! ಗೌಡ್ರ ಅಟ್ಟೀಲಿ ಉಟ್ಟಿದ್ ಎಣ್ಣು ತಮಟೆ ಬಡೀತದಾ? ಅದ್ಕೆ ಬೇರೆ ಜನ ಅವ್ರೆ. ಚರ್ಮ ಒಳಕ್ ತತ್ತೀಯಲ್ಲೇ, ಮನೆದೇವ್ರು ಸುಮ್ಕಿದ್ದದಾ?"

"ಚರ್ಮ ಅಲ್ಲಜ್ಜಿ, ಫೈಬರ್ರು. ನಿನ್ ಬಕೆಟ್ ಇದ್ದಂಗೆ."

"ಬಕೆಟ್ಟಾದ್ರೆ ನೀರಿಡಿ. ಬಡಿಯೋದ್ಯಾಕೆ?"

"ಬಡಿದ್ರೆ ಸದ್ದು ಬತ್ತದೆ."

"ಅದ್ನೇ ಕಣೇ ನಾನೂ ಯೋಳ್ತಿರೋದು. ಆ ಸದ್ದು ನಮ್ಮನೇದಲ್ಲ."

ಚಂದನ ಕೇಳ್ಳಿಲ್ಲ. ಒಳಕ್ಕೋಗಿ ಅಡ್ಗೆಮನೆ ಗೋಡೆ ಆಚೆ, ತನ್ನ ಕೋಣೆ ಮೊಳೆಗೆ ನೇತಾಕುದ್ಲು. ಬೆಳಗಾಗಿ ನೋಡುದ್ರೆ ಮನೆ ಇಂದೆ ಇತ್ಲಲ್ಲಿ ಮೂರು ಕಲ್ಲು, ಅದರ ಮೇಲೆ ಮಡಕೆ, ಮುಂದೆ ಚಿಕ್ಕಬೋರಮ್ಮ ಕಣ್ಣಲ್ಲಿ ನೀರು ಸುರುಸ್ಕಂಡು ಊದುಗೊಳವೆ ಊದ್ತಾವ್ಳೆ. ಓಗೋವಾಗ ರಾಗಿ ಇಟ್ಟಿನ ಡಬ್ಬಾನೂ ಒಯ್ದಿದ್ಲು, ಮುದ್ದೆ ತಿರುವೋ ಕೋಲೂ ಒಯ್ದಿದ್ಲು.

ಕೋಲು ಓಗಿದ್ದೇ ದೊಡ್ಡ ತಾಪತ್ರಯ ಆಯ್ತು ನೋಡಿ. ಮನೇಲಿ ಇದ್ದದ್ದು ಒಂದೇ ಕೋಲು. ಮಧ್ಯಾನ ಶಶಿಧರ ಕೈ ತೊಳ್ಕಂಡು ಬಂದು ಕೂತ್ರೆ ತಟ್ಟೇಲಿ ಅನ್ನ.

"ಮುದ್ದೆ ಎಲ್ಲಿ?"

"ಕೋಲು ಇತ್ಲಲ್ಲಿ ಅದೆ," ಅಂದ್ಲು ರೂಪ.

"ಸಂತೇಲಿ ಇನ್ನೊಂದ್ ತಕ್ಕಂಬಾ."

"ತರ್ಬೋದು. ಮನೇಲಿ ಎಲ್ಡ್ ಕೋಲಾದ್ರೆ ಮನೆನೂ ಎಲ್ಡಾಯ್ತು ಅಂತ ನಿಮ್ಮವ್ವ ಬಸರಾಳು ಗಂಟ ಡಂಗೂರ ಸಾರ್ತಾರೆ. ತರ್ಲಾ?"

ಶಶಿಧರ ಬಾಯಿ ಮುಚ್ಕಂಡು ಅನ್ನ ಕಲ್ಸುದ. ಬಸರಾಳಲ್ಲಿ ಅವನ ತಂಗಿ ಇದ್ಲು, ಬಾಯಿ ಅವ್ವಂದೇ. ದಿನಾ ಮುದ್ದೆ ನುಂಗಿದ ಗಂಟ್ಲು, ಅನ್ನ ತಿಂದು ತಿಂದು ಆಸ್ಪತ್ರೆ ರೋಗಿ ಥರ ಆಗೋಯ್ತು. ಇತ್ಲಿಂದ ಬಸ್ಸಾರಿನ ವಾಸನೆ ಬೇರೆ. ಡೈರೀಲಿ ಹಾಲು ಆಕೋ ಜನ, "ಏನ್ ಶಶಿ, ನಿಮ್ಮವ್ವ ಬ್ಯಾರೆ ಆದ್ರಂತೆ?" ಅಂತ ನಗೋರು. ಒಂದು ರಾತ್ರಿ ಊಟದ ಮುಂದೇನೇ ತಟ್ಟೆ ಸರಿಸಿ ಯೋಳ್ಬುಟ್ಟ.

"ನೋಡ್ ಮಗ. ಅವ್ವ ಒಳಕ್ ಬಂದು ನಮ್ಜೊತೆ ಕುಂತು ಉಣ್ಣೋಗಂಟ ನೀನ್ ಮದ್ದೂರ್ಗೆ ಓಗಂಗಿಲ್ಲ. ಅಷ್ಟೇ."

"ಅಪ್ಪಾ, ನಾನೇನ್ ಕದ್ದಿದ್ದೀನಾ?"

"ಕದ್ದಿದ್ರೆ ವಾಸಿ ಇತ್ತು. ವಾಪಸ್ ಕೊಟ್ಟು ಸುಮ್ಕಾಗ್ಬೋದಿತ್ತು."

"ಅವ್ಳಿಗ್ಯಾಕ್ ಅಂತೀರಿ? ಒಳಕ್ ಬನ್ನಿ ಅಂತ ನಿಮ್ಮವ್ವನ್ನ ಕರೀರಿ," ಅಂದ್ಲು ರೂಪ.

"ನಿಮ್ಮತ್ತೆ ತಾನೆ? ನೀನೇ ಕರಿ."

ಯಾರೂ ಕರೀಲಿಲ್ಲ. ಚಂದನ ದಿನಾ ಸಂಜೆ ಇತ್ಲಿಗೆ ಸೌದೆ ಒಯ್ದು ಇಡೋಳು. "ಇಟ್ಟೋಗು, ಮುಟ್ಬ್ಯಾಡ," ಅನ್ನೋಳು ಅಜ್ಜಿ. ಸೌದೇನ ಮಾತ್ರ ಬ್ಯಾಡ ಅಂತಿರಲಿಲ್ಲ.

ಅಷ್ಟ್ರಲ್ಲಿ ಮೇಷ್ಟ್ರು ಒಂದು ಮಾತು ಅಂದಿದ್ರು. ಒಬ್ಬೊಬ್ರೂ ತಮ್ಮೂರ ಗತ್ತು ಒಂದೊಂದು ಕಲ್ತು ಬರಬೇಕು, ಕಲೀದೋರಿಗೆ ಮದ್ದೂರಿಲ್ಲ. ಗತ್ತು ಅಂದ್ರೆ ಬಡಿತದ ವರಸೆ. ಊರಬ್ಬಕ್ಕೆ ಬ್ಯಾರೆ, ಮದ್ವೆ ಮೆರವಣಿಗೆಗೆ ಬ್ಯಾರೆ, ಸಾವಿಗೆ ಬ್ಯಾರೆ. ಊರಲ್ಲಿ ಬೆಳೆದೋರು ನಿದ್ದೇಲೂ ಯೋಳ್ತಾರೆ ಯಾವುದು ಏನು ಅಂತ. ಚಂದನ ಬೆಳೆದದ್ದು ಆಸ್ಟೆಲ್ಲಲ್ಲಿ. ಸಣ್ಣೋಳಿದ್ದಾಗ್ಲಿಂದ ಪಿಯುಸಿ ಗಂಟ ಮಳವಳ್ಳಿ ಕಡೆ ಬುಟ್ಟಿದ್ರು. ತಾತ ಸತ್ತಾಗ್ಲೂ ಪರೀಕ್ಷೆ ಅಂತ ತಿಥಿಗಷ್ಟೇ ಬಂದೋಳು. ಬೆಲ್ಲು, ಪ್ರೇಯರು, ಈ ಸದ್ದೆಲ್ಲಾ ಗೊತ್ತಿತ್ತೇ ಹೊರ್ತು ಊರ ಸದ್ದು ಕಿವೀಗೆ ಬಿದ್ದಿರಲಿಲ್ಲ.

ಊರಲ್ಲಿ ತಮಟೆ ಅಂದ್ರೆ ಕಾಲೋನಿ ರಾಮಲಿಂಗಯ್ಯ. ಅವನ ಮಗಳು ರಮ್ಯಶ್ರೀ ಚಂದನನ ಕಾಲೇಜೇ, ಒಂದೇ ಬಸ್ಸು. ಚಂದನ ಬಸ್ಸಲ್ಲಿ ಪಕ್ಕಕ್ಕೆ ಕೂತು ಕೇಳುದ್ಲು.

"ರಮ್ಯ, ನಿಮ್ಮಪ್ಪನ ಹತ್ರ ನಂಗೊಂದು ಗತ್ತು ಕಲಿಸೋಕೆ ಹೇಳೇ."

ರಮ್ಯಶ್ರೀ ಪುಸ್ತಕದಿಂದ ತಲೆ ಎತ್ತಲಿಲ್ಲ. "ಯಾಕೆ?"

"ಮದ್ದೂರಿಗೆ ಬೇಕು."

"ನಿಂಗೆ ಅದು ಟೈಂಪಾಸು ಕಣೇ. ನಮ್ಮಪ್ಪಂಗೆ ಯಾರ ಮನೇಲಾದ್ರೂ ಹೆಣ ಬಿದ್ರೆ ಫೋನ್ ಬತ್ತದೆ. ಜ್ವರ ಇದ್ರೂ ಹೋಗ್ಬೇಕು. ಬಡಿದೂ ಬಡಿದೂ ಭುಜ ಮೇಲಕ್ಕೆತ್ತಕ್ಕಾಗಲ್ಲ. ಹಿತ್ತಲಲ್ಲಿ ಎಲೆ ಹಾಕ್ತಾರೆ, ಉಣ್ಕೊಂಡು ಬತ್ತಾರೆ. ನಾನು ಓದ್ತಿರೋದೇ ಅಪ್ಪನ ಕೈಯಿಂದ ಆ ಕೋಲು ಬಿಡಿಸೋಕೆ. ನೀನು ಸ್ಟೇಟಸ್ ಹಾಕೊಳೋಕೆ ಕೇಳ್ತಿದ್ದೀಯ."

"ಸ್ಟೇಟಸ್ಸಿಗಲ್ಲ ಕಣೇ. ನಂಗೆ ಇಷ್ಟ."

"ಇಷ್ಟ ಆಗ್ತದೆ. ಯಾಕಂದ್ರೆ ನಿಂಗೆ ಬ್ಯಾಡ ಅನ್ಸಿದ್ ದಿನ ಮೊಳೆಗೆ ನೇತಾಕ್ಬೋದು." ಪುಸ್ತಕದ ಹಾಳೆ ತಿರುವುದ್ಲು. "ಪ್ಲಾಸ್ಟಿಕ್ ತಮಟೆಗೇ ನಿಮ್ಮಜ್ಜಿ ಬೇರೆ ಒಲೆ ಹೂಡೌರಂತೆ. ನಮ್ಮಪ್ಪ ಬಂದ್ರೆ ಊರೇ ಬಿಡ್ತಾರಾ?"

ಚಂದನ ಕಿಟಕಿ ಕಡೆ ತಿರುಕ್ಕಂಡ್ಲು.

ಆಮೇಲೆ ಮಾಡಿದ್ದೇ ಎಡವಟ್ಟು. ಮೊಬೈಲಲ್ಲಿ ತಡಕಾಡಿ ಒಂದು ವಿಡಿಯೋ ಇಡುದ್ಲು. ನಾಕು ಜನ ರಸ್ತೇಲಿ ಬಡಿಯೋದು, ಬರೀ ಕೈ ಕಾಣ್ತದೆ, ಹಿಂದೆ ಮುಂದೆ ಏನೂ ಇಲ್ಲ. ಮೊದ್ಲು ನಿಧಾನ, ಆಮೇಲೆ ಎದೆ ಮೇಲೆ ಗುದ್ದಿದಂಗೆ. ಉಡ್ಗೀಗೆ ಮೈ ಜುಂ ಅಂತು. ಕಾಲೇಜಿನ ಇಂದ್ಗಡೆ ಮೈದಾನದಲ್ಲಿ ಮೆತ್ತಗೆ, ಮನೇಲಿ ತಲೆದಿಂಬಿನ ಮೇಲೆ, ಬಸ್ಸಲ್ಲಿ ತೊಡೆ ಮೇಲೆ, ಕಲ್ತೇ ಕಲ್ತ್ಲು.

ಒಂದು ಭಾನುವಾರ ಬೆಳಗ್ಗೆ ಶಶಿಧರ ಡೈರೀಲಿ. ರೂಪ ದಾರ ತರೋಕೆ ಕೆರಗೋಡಿಗೆ ಓಗಿದ್ಲು. ಚಿಕ್ಕಬೋರಮ್ಮ ಗದ್ದೆ ಬದೀಗೆ ಸೊಪ್ಪು ಕುಯ್ಯಾಕೆ. ಬೈಯೋರು ಯಾರೂ ಇಲ್ಲ ಅಂತ ಚಂದನ ತಮಟೆ ತಕ್ಕಂಡು ತಾರಸಿ ಅತ್ತಿ, ಕೈ ಬುಟ್ಟು ಬಡುದ್ಲು ನೋಡಿ, ಎದುರು ಮರದ ಕಾಗೆಗಳೆಲ್ಲಾ ಎದ್ದೋದ್ವು.

ಮೊದ್ಲು ಎದುರುಮನೆ ಅಂಕಯ್ಯ ಈಚೆ ಬಂದ. ತಲೆ ಎತ್ತಿ ನೋಡಿ, ತಲೇಗೆ ಸುತ್ತಿದ್ದ ಟವಲ್ ಬಿಚ್ಚಿ ಎಗಲ ಮೇಲೆ ಆಕ್ಕಂಡ. ಮರ್ವಾದೆ ಕೊಡ್ತಾವ್ನೆ ಅನ್ಕಂಡ್ಲು ಉಡ್ಗಿ. ಆಮೇಲೆ ಎಂಗಸ್ರು ಬಂದ್ರು, ಸೆರಗು ಬಾಯಿಗಿಟ್ಕಂಡು. ಬಾವಿಕಟ್ಟೇಲಿದ್ದೋರು ಬಂದ್ರು. ಓಣಿ ತುಂಬೋಯ್ತು. ಒಬ್ಳು ಕಣ್ಣು ಬೇರೆ ಒರೆಸ್ಕೊತಾವ್ಳೆ! ಕಲೆ ಅಂದ್ರೆ ಇದಪ್ಪಾ ಅಂತ ಚಂದನ ಇನ್ನೂ ಜೋರಾಗಿ ಬಡುದ್ಲು.

ಕೆಳಗೆ ನಡೀತಿದ್ದ ಮಾತು ಅವಳಿಗೆ ಕೇಳಿಸ್ತಿರಲಿಲ್ಲ.

"ಮುನಿಸ್ಕಂಡು ಇತ್ಲಲ್ಲಿ ಬೇಯಿಸ್ಕಂಡ್ ತಿಂತಿತ್ತು ಪಾಪ."

"ನಿನ್ನೆ ಸಂಜೆನೂ ನನ್ಜೊತೆ ಮಾತಾಡುದ್ಲಲ್ಲಾ!"

"ಹೊಗೆ ಕುಡ್ದೂ ಕುಡ್ದೂ ಎದೆ ಇಡ್ಕಂಡಿರ್ಬೇಕು."

ಯಾರೋ ಡೈರಿಗೆ ಓಡಿದ್ರು. ಯಾರೋ ಬಸರಾಳಿಗೆ ಫೋನ್ ಮಾಡುದ್ರು. ಶಶಿಧರ ಹಾಲಳೆಯೋ ಲೋಟಾನ ಕೈಲಿಟ್ಕಂಡೇ "ಅವ್ವಾ! ಅವ್ವಾ!" ಅಂತ ಕಿರುಚ್ಕಂಡು ಓಡ್ಬಂದ. ಅವನ್ನ ನೋಡಿ ಜನ ಗೊಳೋ ಅಂದ್ರು.

ಅದೇ ವೇಳೆಗೆ ಚಿಕ್ಕಬೋರಮ್ಮ ಮಡ್ಲು ತುಂಬ ಸೊಪ್ಪು ಕಟ್ಕಂಡು ಗದ್ದೆ ಕಡೆಯಿಂದ ಬಂದ್ಲು. ದೂರದಿಂದ್ಲೇ ಆ ಬಡಿತ ಕಿವಿಗೆ ಬಿದ್ದದೆ, ತನ್ನ ಮನೆ ಮುಂದೆ ಜನ ಬೇರೆ. "ಅಯ್ಯೋ ನನ್ನಪ್ಪಾ! ಯಾರೋಗ್ಬುಟ್ರೋ ನಮ್ಮನೇಲಿ!" ಅಂತ ಎದೆ ಎದೆ ಬಡ್ಕಂಡು ಗುಂಪಿನೊಳಕ್ಕೆ ನುಗ್ಗುದ್ಲು.

ಜನ ಅಳೋದ್ನ ಅರ್ಧಕ್ಕೇ ನಿಲ್ಸುದ್ರು. ಅಂಕಯ್ಯ ಎರಡೆಜ್ಜೆ ಇಂದಕ್ಕೋದ.

"ಯಾಕ್ರಲಾ ಇಂಗ್ ನೋಡ್ತೀರಿ? ಯಾರ್ ಸತ್ತಿರೋದು ಯೋಳ್ರಲಾ!"

"ನೀನೇ ಕಣಕ್ಕ," ಅಂದ ಅಂಕಯ್ಯ.

ಆವಾಗ ಮೇಲಿಂದ ಬಡಿತ ನಿಂತೋಯ್ತು. ಚಂದನ ತಾರಸಿ ಅಂಚಿಂದ ಬಗ್ಗಿ, "ಎಂಗಿತ್ತು?" ಅಂತ ಕೇಳುದ್ಲು.

ಎಂಗಿತ್ತು ಅಂತ ಊರೇ ಯೋಳ್ತು ಅವಳಿಗೆ. ಆ ಬೈಗುಳ ಎಲ್ಲಾ ನಾನ್ ಯೋಳಾಕೆ ಓಗಕ್ಕಿಲ್ಲ, ಮನೇಲಿ ಮಕ್ಳು ಕೇಳಿಸ್ಕೊತವೆ. ಶಶಿಧರ ಮೇಲಕ್ಕತ್ತಿ ತಮಟೆ ಕಿತ್ಕಂಡು, "ಇವತ್ತಿಗ್ ಮುಗೀತು. ನಾಳೆ ಬೆಳಿಗ್ಗೆ ಕಾಲೇಜಿಗೆ ಬಿಸಾಕಿ ಬಾ. ಮದ್ದೂರೂ ಇಲ್ಲ, ಮಣ್ಣೂ ಇಲ್ಲ," ಅಂದ. ಚಂದನಂಗೆ ಕಣ್ಣು ತುಂಬ್ಕಂತು. ಬಸರಾಳು ಮಗಳು ಆಟೋ ಮಾ‌ಡ್ಕಂಡು ದಾರಿಯುದ್ದಕ್ಕೂ ಅತ್ಕಂಡು ಬಂದ್ಲು. ಬಂದು ನೋಡುದ್ರೆ ಎಣ ಜಗ್ಲಿ ಮೇಲೆ ಕುಂತು ಸೊಪ್ಪು ಸೋಸ್ತಾ ಅದೆ.

ಇಷ್ಟ್ರಲ್ಲಿ ರಾಮಲಿಂಗಯ್ಯ ಬಂದ. ಎಗಲಲ್ಲಿ ತಮಟೆ, ಮಕದಲ್ಲಿ ಸಿಟ್ಟು. ಇಂದೆ ರಮ್ಯಶ್ರೀ.

"ಏನ್ ಶಶಿಯಪ್ಪ, ನಾನ್ ಊರಲ್ಲೇ ಇವ್ನಿ, ನನಗ್ ಯೋಳ್ದೆ ಬ್ಯಾರೆ ಊರೋರ್ನ ಕರ್ಸಿದ್ದೀರಾ? ಇದು ಮಳವಳ್ಳಿ ಕಡೆ ಬಡಿತ, ನಮ್ದಲ್ಲ."

"ಯಾರೂ ಸತ್ತಿಲ್ಲ ಮಾರಾಯ. ನನ್ ಮಗಳು ಬಡುದ್ಲು."

ರಾಮಲಿಂಗಯ್ಯ ಚಂದನನ್ನ ಮೇಲಿಂದ ಕೆಳಕ್ಕೆ ನೋಡುದ. ಗೋಡೇಗೆ ಒರಗಿಸಿದ್ದ ಫೈಬರ್ ತಮಟೇಗೆ ಬೆರಳಲ್ಲಿ ಕುಟ್ಟುದ. "ಈ ಬಕೆಟ್ನಲ್ಲಾ? ಕೈ ಪರವಾಗಿಲ್ಲ ಕಣವ್ವ. ಬುದ್ಧಿ ಒಂದಿಲ್ಲ."

ಜನಕ್ಕೆ ನಗು ಬಂತು. ಚಿಕ್ಕಬೋರಮ್ಮಂಗೆ ಬರಲಿಲ್ಲ. ಸೊಪ್ಪು ಅಲ್ಲೇ ಬುಟ್ಟು ಎದ್ದಿದ್ಲು, ಮಕ ಬಿಳುಚ್ಕಂಡಿತ್ತು.

"ನಗ್ಬ್ಯಾಡ್ರಿ. ಬದ್ಕಿರೋಳ್ ಮೇಲೆ ಸಾವಿನ್ ಗತ್ತು ಬಡ್ದಾಗೋಯ್ತು. ಅದು ಸುಮ್ಕಿದ್ದದಾ? ತಿರುಗುಸ್ಬೇಕು. ಇದೇ ಬಾಗ್ಲಲ್ಲಿ ಅಬ್ಬದ್ ಗತ್ತು ಬಡುದು ತಿರುಗುಸ್ಬೇಕು."

"ರಾಮಲಿಂಗ ಬಂದವ್ನಲ್ಲವ್ವ, ಈಗ್ಲೇ ಬಡೀತಾನೆ," ಅಂದ ಶಶಿಧರ.

"ಅವ್ನ್ ಬಡುದ್ರೆ ಏನ್ ಬಂತು? ಬಡಿದ್ ಕೈಯೇ ತಿರುಗುಸ್ಬೇಕು. ಲೋ ರಾಮ್ಲಿಂಗ, ಇತ್ಲಿಗ್ ಬಾ, ಇವ್ಳಿಗೆ ಅಬ್ಬದ್ ಗತ್ತು ಯೋಳ್ಕೊಡು."

ಶಶಿಧರ ಬಾಯಿ ಬುಟ್ಕಂಡು ಅವ್ವನ್ನ ನೋಡುದ. ತಮಟೆ ಬ್ಯಾಡ ಅಂತ ಒಲೆ ಬೇರೆ ಮಾಡಿದ್ದೋಳು ಅವಳೇ ಅಲ್ವಾ! ರಾಮಲಿಂಗಯ್ಯ ಅಭ್ಯಾಸದ ಮೇಲೆ ಮನೆ ಪಕ್ಕದ ಸಂದಿ ಕಡೆ ಎಜ್ಜೆ ಎತ್ತುದ. ರಮ್ಯಶ್ರೀ ಅವನ ತೋಳು ಇಡ್ಕಂಡ್ಲು.

"ಅಪ್ಪ ಹಿತ್ತಲಿಗೆ ಬರಲ್ಲ ಅಜ್ಜಿ."

"ಏನಂದ್ಯೇ?"

"ಕಲಿಸ್ಬೇಕು ಅಂದ್ರೆ ಜಗಲಿ ಮೇಲೆ ಕೂತು ಕಲಿಸ್ತಾರೆ. ಮೇಷ್ಟ್ರು ಕೂತಂಗೆ. ಇಲ್ಲಾಂದ್ರೆ ಬೇರೆ ಯಾರನ್ನಾದ್ರೂ ನೋಡ್ಕೊಳಿ."

"ರಮ್ಯ, ಸುಮ್ಕಿರವ್ವ," ಅಂದ ಅಪ್ಪ, ದನಿ ತಗ್ಗಿಸಿ.

"ಸುಮ್ನಿರಲ್ಲಪ್ಪ."

ಚಿಕ್ಕಬೋರಮ್ಮ ಜಗ್ಲಿ ನೋಡುದ್ಲು, ಜನಾನ ನೋಡುದ್ಲು, ಮೇಲೆ ತಾರಸಿ ನೋಡುದ್ಲು. ಮರ್ವಾದೆ ಒಂದ್ಕಡೆ, ಜೀವ ಒಂದ್ಕಡೆ. ಕೊನೇಗೆ ಸೊಪ್ಪಿನ ಮೊರ ಎತ್ಕಂಡು ಒಂದು ಮೂಲೆಗೆ ಸರ್ಕಂಡ್ಲು.

"ಕುಂತ್ಕಳ್ಲಿ ಬುಡು. ಜಗ್ಲಿ ಏನ್ ಸವೀತದಾ?"

ರಾಮಲಿಂಗಯ್ಯಂಗೇ ಕಾಲು ಬರಲಿಲ್ಲ. ಮಗಳು ನೋಡ್ತಾನೇ ಇದ್ಲು. ಆಮೇಲೆ ಬಂದ, ಅಂಚಲ್ಲಿ, ಬಸ್ಸಲ್ಲಿ ಮೂರನೇಯವನು ಕೂರ್ತಾನಲ್ಲ ಅಂಗೆ ಕುಂತ.

ಕೆರಗೋಡಿಂದ ಬಂದ ರೂಪ ಎಲ್ಲಾ ಕೇಳಿಸ್ಕಂಡು ಮೊದ್ಲು ಇತ್ಲಿಗೋದ್ಲು. ಅತ್ತೆ ಮೂರು ಕಲ್ಲಿನ ಮುಂದೆ ಸೌದೆ ಮುರೀತಿದ್ಲು.

"ಅತ್ತೆ, ಮನೆ ಇಂದೆ ಮೂರ್ ಕಲ್ಲಿಟ್ಟು ಬೇಯ್ಸೋದು ಯಾರ್ಗೇಳಿ? ಸತ್ತೋರ್ ಎಡೇಗೆ. ಗತ್ತೂ ಬಡ್ದಾಯ್ತು, ನೀವ್ ಕಲ್ಲೂ ಊಡಿದ್ದೀರಿ. ಇನ್ನೇನ್ ಉಳೀತು?"

ಮುದುಕಿ ಕೈಲಿದ್ದ ಸೌದೆ ಕೆಳಗಿಟ್ಲು. ಆಮೇಲೆ, "ಬಾಯ್ ಬಾಳ ಆಯ್ತು ನಿಂದು," ಅಂತ ಎದ್ದು, ಕೋಲು, ಇಟ್ಟಿನ ಡಬ್ಬ ಸೊಸೆ ಕೈಗೆ ತುರುಕಿ ಒಳಕ್ಕೋದ್ಲು. ಅವತ್ತು ಮಧ್ಯಾನ ಶಶಿಧರ ಮೂರು ಮುದ್ದೆ ನುಂಗಿದ. ಅವ್ವ ಒಳಗೆ ಉಂಡ್ಮೇಲೆ ಮಾತು ತಪ್ಪೋಕಾಯ್ತದಾ? ಸಾರು ಬಡಿಸ್ಕಂಡು, ತಲೆ ಎತ್ತದೆ, "ನಾಳೆ ಬಿಸಾಕ್ಬ್ಯಾಡ ಬುಡು ಅದ್ನ," ಅಂದ.

ಪಾಠ ಸುರುವಾಯ್ತು. ಸಂಜೆ ಚಂದನ ಬಸ್ಸಿಳಿದು ಬರೋ ವೇಳೆಗೆ ರಾಮಲಿಂಗಯ್ಯ ಬಂದಿರೋನು. ಸಿಡುಕ. "ಕೈ ಅಲ್ಲ, ಮಣಿಕಟ್ಟು! ರಾಗಿ ಬೀಸ್ತೀಯೇನವ್ವ ನೀನು?" ಅಂತ ಬೈಯೋನು. ಕಂಬದ ಮರೇಲಿ ಕುಂತ ಅಜ್ಜಿ, "ಇನ್ನೊಂದೀಟು ಬೈಯಿ ರಾಮ್ಲಿಂಗ," ಅನ್ನೋಳು. ಅವಳಿಗೆ ಉಡ್ಗಿ ಬೇಗ ಕಲೀಬೇಕು, ಅಪಶಕುನ ಕಳೀಬೇಕು, ಅಷ್ಟೇ.

ಆದ್ರೆ ಒಂದು ಸಂಜೆ ರಮ್ಯಶ್ರೀ ಅಪ್ಪನ್ನ ಕರ್ಕೊಂಡೋಗೋಕೆ ಬಂದ್ಲು. ಬಸರಾಳು ಮಗಳು, ಅಂಕಯ್ಯ, ಎಲ್ಲಾ ಜಗ್ಲೀಲಿದ್ರು. ಅಜ್ಜಿ ಯೋಳಿದಂಗೆ ಚಂದನನೇ ಕಾಪಿ ತಂದು ಕೊಟ್ಟಿದ್ಲು. ರಮ್ಯಶ್ರೀ ಎಲ್ಲರ ಕೈ ನೋಡುದ್ಲು.

"ಎಲ್ರಿಗೂ ಸ್ಟೀಲ್ ಲೋಟ. ನಮ್ಮಪ್ಪಂಗೆ ಪೇಪರ್ ಕಪ್ಪಾ ಚಂದನ?"

"ಅಯ್ಯೋ... ಅದು ಅಜ್ಜಿ..."

"ಅಜ್ಜಿ ಹೇಳಿದ್ರು. ತಂದಿದ್ದು ನೀನು. ಏಳಪ್ಪ."

ರಾಮಲಿಂಗಯ್ಯ ಕಪ್ಪು ಕೆಳಗಿಟ್ಟು ಎದ್ದ. ಮಾರನೇ ದಿನ ಬರಲಿಲ್ಲ. ಅದರ ಮಾರನೇ ದಿನಾನೂ ಇಲ್ಲ. ಗತ್ತು ಅರ್ಧಕ್ಕೇ ನಿಂತಿತ್ತು, ಮದ್ದೂರು ಅತ್ರ ಬಂದಿತ್ತು.

ಚಂದನ ಅಡ್ಗೆಮನೇಲಿ ಕಾಲು ಚಾಚ್ಕಂಡು ಕುಂತ್ಲು. "ಅಮ್ಮ, ನಂಗ್ ಒಳೀಲೇ ಇಲ್ಲ. ಕೊಡು ಅಂದ್ರು, ಕೊಟ್ಟೆ."

ರೂಪ ಮುದ್ದೆ ತಿರುವ್ತಿದ್ಲು. "ನಾನೂ ಅಂಗೇ ಕೊಟ್ಕಂಡ್ ಬಂದಿವ್ನಿ ಮಗ. ಮದ್ವೆ ಆದಾಗಿಂದ. ಇಲ್ ಕುಂತು ಅತ್ರೆ ಏನಾಯ್ತದೆ? ಇನ್ಮೇಲೆ ಎಲ್ರಿಗೂ ಸ್ಟೀಲ್ ಲೋಟನೇ, ಓಗಿ ಅವಳ್ಗೆ ಯೋಳು."

ಚಂದನ ಕಾಲೋನಿಗೆ ನಡುದ್ಲು. ರಮ್ಯಶ್ರೀ ಮನೆ ಮುಂದೆ ಪ್ಲಾಸ್ಟಿಕ್ ಕುರ್ಚಿ ಆಕ್ಕಂಡು ಓದ್ತಿದ್ಲು.

"ತಪ್ಪಾಯ್ತು ಕಣೇ."

"ಹ್ಞೂಂ."

"ಅಮ್ಮ ಲೋಟ ಬದಲಾಯ್ಸೌಳೆ. ಅಜ್ಜಿ ಬೈಕೊತಾಳೆ, ಬೈಲಿ. ನಿಮ್ಮಪ್ಪಂಗೆ ಬರೋಕೆ ಹೇಳೇ."

"ಬತ್ತಾರೆ. ನಿನ್ ಕೈ ಚೆನ್ನಾಗದೆ ಅಂತ ಎರಡು ದಿನದಿಂದ ಮನೇಲಿ ಒದ್ದಾಡ್ತವ್ರೆ." ರಮ್ಯಶ್ರೀ ಪುಸ್ತಕ ಮುಚ್ಚುದ್ಲು. "ಆದ್ರೆ ಮದ್ದೂರಲ್ಲಿ ಅಪ್ಪಂಗೆ ಕುರ್ಚಿ ಬೇಕು. ಮುಂದಿನ ಸಾಲಲ್ಲಿ. ಹುಟ್ಟಿದಾಗಿಂದ ನಿಂತ್ಕೊಂಡು ಬಡಿದಿರೋರೇ ಹೊರ್ತು ಕೂತ್ಕೊಂಡು ಕೇಳಿದೋರಲ್ಲ."

"ನೀನೂ ಬಾರೇ."

"ನಾನು ಬರಲ್ಲ. ನಂಗೆ ಆ ಸದ್ದು ಇನ್ನೂ ಇಷ್ಟ ಆಗಲ್ಲ ಚಂದನ. ಸುಳ್ಳು ಯಾಕೆ ಹೇಳ್ಲಿ? ಮಾರನೇ ದಿನ ಬಸ್ಸಲ್ಲಿ ಹೇಳು ಏನಾಯ್ತು ಅಂತ."

ರಾಮಲಿಂಗಯ್ಯ ಬಂದ. ರೂಪ ಎಲ್ರ ಜೊತೆ ಸ್ಟೀಲ್ ಲೋಟದಲ್ಲೇ ಕಾಪಿ ಕೊಟ್ಲು, ಎಲ್ರ ಲೋಟದ ಜೊತೆ ತೊಳುದ್ಲು, ಎಲ್ರ ಲೋಟದ ಜೊತೆ ಬೋರಲಾಕುದ್ಲು. ಮಾರನೇ ಬೆಳಿಗ್ಗೆಯಿಂದ ಚಿಕ್ಕಬೋರಮ್ಮ ತಾನು ಮಾತ್ರ ಅಟ್ಟದಿಂದ ತೆಗೆಸಿದ ಕಂಚಿನ ಚೊಂಬಲ್ಲಿ ಕಾಪಿ ಕುಡಿಯೋಕೆ ಸುರು ಮಾಡುದ್ಲು. ಮುದುಕೀರು ಒಂದೇ ದಿನಕ್ಕೆ ಬದಲಾಯ್ತಾರೆ ಅಂತ ಯಾರಾದ್ರೂ ಅಂದ್ರೆ ನಂಬ್ಬ್ಯಾಡಿ.

ಗತ್ತು ಕೈಗೆ ಕುಂತ ದಿನ ಚಂದನ ವಸ್ಲಲ್ಲಿ ನಿಂತು ಬಾರಿಸುದ್ಲು. ಅಜ್ಜಿ ತಲೇಗೆ ನೀರಾಕ್ಕಂಡು, ಕುಂಕುಮ ಇಲ್ಲದ ಅಣೆಗೆ ವಿಬೂತಿ ಇಟ್ಕಂಡು, ಬಾಗ್ಲಲ್ಲಿ ಕಂಬದಂಗೆ ನಿಂತಿದ್ಲು. ಮುಗುದ್ಮೇಲೆ ಬಿಗಿ ಇಡ್ದಿದ್ದ ಉಸ್ರು ಬುಟ್ಟು, "ಊಂ, ಇನ್ನೊಂದ್ ನಾಕ್ ವರ್ಸ ಇದ್ದೀನಿ," ಅಂದ್ಲು. ಅಬ್ಬದ ಗತ್ತು ಕೇಳಿ ಓಣಿ ಮಕ್ಳೆಲ್ಲಾ ಕುಣಿಯೋಕೆ ಬಂದಿದ್ವು.

ಮದ್ದೂರು ದಿನ ಚಂದನ ಕಾಲೇಜು ಬಸ್ಸಲ್ಲಿ ಮುಂಚೇನೇ ಓಗಿದ್ಲು. ಓಗ್ತಿದ್ದಂಗೇ ಮುಂದಿನ ಸಾಲಿನ ಒಂದು ಕುರ್ಚಿ ಮೇಲೆ ದುಪಟ್ಟ ಆಸುದ್ಲು. ಬ್ಯಾಡ್ಜ್ ಆಕ್ಕಂಡಿದ್ದ ಒಬ್ಬ, "ಮೇಡಂ, ಇದು ಗೆಸ್ಟ್‌ಗೆ," ಅಂದ.

"ಗೆಸ್ಟ್‌ಗೇ ಸಾರ್ ಹಿಡ್ದಿರೋದು."

"ಯಾರು ಗೆಸ್ಟು?"

"ನಮ್ ಮೇಷ್ಟ್ರು."

ರಾಮಲಿಂಗಯ್ಯ ಇಸ್ತ್ರಿ ಮಾಡಿದ ಬಿಳೀ ಸರ್ಟಲ್ಲಿ ಬಂದು ಕುಂತ. ಕೈ ಎಲ್ಲಿಡೋದು ಗೊತ್ತಾಗದೆ ಒಂದ್ಸಲ ತೊಡೆ ಮೇಲೆ, ಒಂದ್ಸಲ ಕುರ್ಚಿ ಮೇಲೆ. ತಂಡ ಸ್ಟೇಜ್ ಅತ್ತೋ ವೇಳೆಗೆ ಚಂದನ ನೋಡುದ್ರೆ, ಬಾಗ್ಲಲ್ಲಿ ಅಪ್ಪ, ಅವನ ಇಂದೆ ಅಜ್ಜಿ! ಬತ್ತೀನಿ ಅಂತ ಯೋಳೇ ಇರಲಿಲ್ಲ. ಸಭೆ ತುಂಬಿತ್ತು. ಮಂಡಿ ನೋವಿನ ಮುದುಕಿ, ಗೋಡೆ ಇಡ್ಕಂಡು ಮುಂದಕ್ ಬಂದು ನಿಂತ್ಲು. ಬ್ಯಾಡ್ಜಿನ ಉಡ್ಗ ಅವಳನ್ನ ನೋಡಿ ಅಯ್ಯೋ ಅನ್ಕಂಡು, ಎಲ್ಲಿಂದ್ಲೋ ಒಂದು ಕುರ್ಚಿ ತಂದು, ಜಾಗ ಇದ್ದ ಕಡೆ, ರಾಮಲಿಂಗಯ್ಯನ ಮಗ್ಗುಲಿಗೇ ಆಕುದ. ಮುದುಕಿ ಆ ಕುರ್ಚೀನೊಂದು ಸಲ ನೋಡುದ್ಲು. ರಾಮಲಿಂಗಯ್ಯ ಎದ್ದು ನಿಲ್ಲೋಕೋದ.

"ಕುಂತ್ಕೊಳ್ಳಾ, ಇಂದ್ಗಡೆಯೋರ್ಗೆ ಕಾಣಕ್ಕಿಲ್ಲ," ಅಂತ ಅವನ ಪಕ್ಕ ಕುಂತ್ಲು.

ಎಂಟು ಜನ ಉಡ್ಗೀರು ಬಾರಿಸೋಕೆ ಸುರು ಮಾಡುದ್ರು. ಚಂದನನ ಸರದಿ ಬಂದಾಗ ರಾಮಲಿಂಗಯ್ಯನ ಎರಡು ಕಾಲೂ ಕುಣೀತಿದ್ವು, ಅವನಿಗೇ ಗೊತ್ತಿಲ್ಲದಂಗೆ. ಸ್ಟೇಜ್ ಮೇಲಿಂದ ಉಡ್ಗೀಗೆ ಕಂಡದ್ದು ಇಷ್ಟು: ಅಜ್ಜಿ ಅವನ ಕಡೆ ಬಗ್ಗಿ ಏನೋ ಕೇಳ್ತಾವ್ಳೆ, ಅವನು ಏನೋ ಯೋಳ್ತಾವ್ನೆ. ಚಪ್ಪಾಳೆ ಬಿದ್ವು, ಸಿಳ್ಳೆ ಬಿದ್ವು. ಏನ್ ಮಾತಾಡ್ಕಂಡ್ರು ಅಂತ ಅವರ ಕುರ್ಚಿ ಇಂದ್ಗಡೆನೇ ನಿಂತಿದ್ದ ಶಶಿಧರ ಆಮೇಲೆ ಯೋಳುದ.

"ಎಲ್ಲಾದ್ರೂ ತಪ್ಪುದ್ಲೇನೋ?" ಅಂತ ಕೇಳಿದ್ಲಂತೆ ಮುದುಕಿ.

"ನಡುವೆ ಒಂದ್ಕಡೆ ಎಡವುದ್ಲು ಕಣವ್ವ."

ಚಿಕ್ಕಬೋರಮ್ಮ ಅತ್ಲಾಗ್ ಇತ್ಲಾಗ್ ನೋಡಿ, ಸೆರಗು ಬಾಯಿಗೆ ಅಡ್ಡ ಇಟ್ಕಂಡು ಅವನ ಕಿವೀಲಿ ಅಂದ್ಲಂತೆ:

"ಸುಮ್ಕಿರು. ಯಾರ್ಗೂ ಯೋಳ್ಬ್ಯಾಡ."